ಶಿರೋಳ ಸೀಮೆಯ ಚುನಾವಣೆಗಳಲ್ಲಿ ಅಭ್ಯರ್ಥಿಯ ಧರ್ಮ

ಕೊಲ್ಹಾಪುರ ಜಿಲ್ಲೆಯ ಪೂರ್ವಭಾಗದಲ್ಲಿ ಕೃಷ್ಣಾ ಮತ್ತು ಪಂಚಗಂಗಾ ನದಿಗಳು ಕೂಡುವ ಶಿರೋಳ ತಾಲೂಕು, ಅದರ ದೊಡ್ಡ ಪೇಟೆಯಾದ ಜಯಸಿಂಗಪುರ, ನೆರೆಯ ಇಚಲಕರಂಜಿ ಮತ್ತು ದಕ್ಷಿಣದ ಗಡಹಿಂಗ್ಲಜ ಇವೆಲ್ಲ ಕನ್ನಡ ಮತ್ತು ಮರಾಠಿ ಎರಡೂ ಬಳಕೆಯಲ್ಲಿರುವ ಸೀಮೆಗಳು. ಇಲ್ಲಿ ದಿಗಂಬರ ಜೈನರು, ಲಿಂಗಾಯತರು, ಮರಾಠರು, ಮುಸ್ಲಿಮರು ಮತ್ತು ದಲಿತರು ತಲೆಮಾರುಗಳಿಂದ ಒಟ್ಟಿಗೆ ಬಾಳಿದ್ದಾರೆ. ಇಂಥ ನೆಲದಲ್ಲಿ ಅಭ್ಯರ್ಥಿಯ ಧರ್ಮವು ಚುನಾವಣೆಯ ವಿಷಯವಾಗುವುದು ಸಹಜವಾದರೂ, ಅದು ವಿಷಯವಾದ ಬಗೆ ಬೇರೆ ದೇಶಗಳಿಗಿಂತ ಭಿನ್ನವಾಗಿದೆ. ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ 1928ರಲ್ಲಿ ಸ್ಪರ್ಧಿಸಿದ ಆಲ್ ಸ್ಮಿತ್ ಕ್ಯಾಥೊಲಿಕ್ ಆಗಿದ್ದ ಕಾರಣಕ್ಕೆ ಉಗ್ರ ವಿರೋಧ ಎದುರಿಸಿದರು. ಅದೇ ಪಂಥದ ಜಾನ್ ಕೆನಡಿ 1960ರ ಸೆಪ್ಟೆಂಬರ್ 12ರಂದು ಹ್ಯೂಸ್ಟನ್‌ನಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಗಳ ಮುಂದೆ ನಿಂತು, ತಮ್ಮ ಆಡಳಿತದ ನಿರ್ಧಾರಗಳಿಗೆ ಚರ್ಚಿನ ಅಪ್ಪಣೆ ಕಾರಣವಾಗದೆಂದು ಭರವಸೆ ಕೊಡಬೇಕಾಯಿತು. ಅಲ್ಲಿ ಒರೆಗೆ ಹಚ್ಚಿದ್ದು ವ್ಯಕ್ತಿಯ ನಂಬಿಕೆಯನ್ನು. ಶಿರೋಳ ಸೀಮೆಯಲ್ಲಿ ಅಭ್ಯರ್ಥಿ ಏನನ್ನು ನಂಬುತ್ತಾನೆ ಎಂದು ಕೇಳಿದವರು ಕಡಿಮೆ. ಅವನು ಹುಟ್ಟಿದ ಸಮುದಾಯಕ್ಕೆ ಅಧಿಕಾರದಲ್ಲಿ ಎಷ್ಟು ಪಾಲು ಸಿಕ್ಕಿದೆ ಎಂಬುದೇ ಇಲ್ಲಿನ ಪ್ರಶ್ನೆಯಾಗಿತ್ತು.

ಈ ಪ್ರಶ್ನೆಯ ಬೇರು ಚುನಾವಣೆಗಳಿಗಿಂತ ಹಳೆಯದು. ಕೊಲ್ಹಾಪುರದ ಶಾಹೂ ಮಹಾರಾಜರಿಗೆ ವೇದಮಂತ್ರಗಳ ಬದಲು ಪುರಾಣೋಕ್ತ ಮಂತ್ರಗಳಿಂದ ವಿಧಿ ನಡೆಸಿದ್ದರಿಂದ ಹುಟ್ಟಿದ ವೇದೋಕ್ತ ವಿವಾದವು, ಅಂದರೆ ವೈದಿಕ ಸಂಸ್ಕಾರದ ಹಕ್ಕು ಯಾರಿಗಿದೆ ಎಂಬ ಜಗಳವು, 1899ರಿಂದ ಸಂಸ್ಥಾನವನ್ನು ಕದಡಿತು. ಪೂಜಾವಿಧಿಯ ಪ್ರಶ್ನೆಯಾಗಿ ಮೊದಲಾದ ಈ ವಿವಾದವು ಆಡಳಿತದಲ್ಲಿ ಯಾರು ಕೂತಿದ್ದಾರೆ ಎಂಬ ಪ್ರಶ್ನೆಯಾಗಿ ಬೆಳೆಯಿತು; 1902ರ ಜುಲೈ 26ರ ಆಜ್ಞೆಯಿಂದ ಮಹಾರಾಜರು ಸರ್ಕಾರಿ ನೌಕರಿಯ ಖಾಲಿ ಸ್ಥಾನಗಳಲ್ಲಿ ಶೇ. 50ನ್ನು ಹಿಂದುಳಿದ ಸಮುದಾಯಗಳಿಗೆ ಮೀಸಲಿಟ್ಟರು. ಜೈನರು, ಲಿಂಗಾಯತರು, ಮರಾಠರು, ಮುಸ್ಲಿಮರು ಎಂದು ಸಮುದಾಯವಾರು ವಿದ್ಯಾರ್ಥಿನಿಲಯಗಳು ಅವರ ಆಶ್ರಯದಲ್ಲಿ ಎದ್ದವು. ತಂದೆ ಜಯಸಿಂಗರಾವ್ ಘಾಟಗೆಯವರ ಹೆಸರಿನಲ್ಲಿ ಜಯಸಿಂಗಪುರವನ್ನು ಕಟ್ಟಿಸಿದವರೂ ಅವರೇ.

ಇದೇ ಕಾಲದಲ್ಲಿ ಸಮುದಾಯಗಳೂ ತಾವಾಗಿ ಸಂಘಟಿತವಾದವು. ನಿಪ್ಪಾಣಿಯ ಬಳಿಯ ಸ್ತವನಿಧಿ ಕ್ಷೇತ್ರದಲ್ಲಿ 1899ರಲ್ಲಿ ಸ್ಥಾಪನೆಯಾದ, ಮುಂದೆ ದಕ್ಷಿಣ ಭಾರತ ಜೈನ ಸಭೆ ಎಂದು ಹೆಸರಾದ ಸಂಸ್ಥೆಯು ಧರ್ಮೋಪದೇಶಕ್ಕಿಂತ ಹೆಚ್ಚಾಗಿ ಶಿಕ್ಷಣಕ್ಕೆ ಒತ್ತು ಕೊಟ್ಟಿತು. ಅದರ ಆರಂಭದ ನೇತಾರರಲ್ಲಿ ಮುಖ್ಯರು ಕುರುಂದವಾಡದಲ್ಲಿ ಹುಟ್ಟಿದ ಅಣ್ಣಾಸಾಹೇಬ ಲಠ್ಠೆಯವರು. 1919ರ ಸುಧಾರಣಾ ಕಾಯ್ದೆಯಂತೆ ಮುಂಬಯಿ ಪ್ರಾಂತದ ಶಾಸನ ಪರಿಷತ್ತಿಗೆ ಚುನಾವಣೆ ನಡೆದಾಗ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳು, ಅಂದರೆ ಆ ಸಮುದಾಯದವರೇ ಮತ ಹಾಕುವ ಕ್ಷೇತ್ರಗಳು ದೊರೆತವು. ಮರಾಠರು ಮತ್ತು ಅವರಿಗೆ ಸಮೀಪದ ಜಾತಿಗಳಿಗೆ 7 ಸ್ಥಾನಗಳು ಮೀಸಲಾದವು. ಹೀಗೆ ಜಾತಿ ಮತ್ತು ಧರ್ಮ ಕಾನೂನಿನ ಭಾಗವೇ ಆದ ಕಾಲದಲ್ಲಿ ಲಠ್ಠೆಯವರು ಬ್ರಾಹ್ಮಣೇತರ ಚಳವಳಿಯ ಮುಂದಾಳಾಗಿ ಕೇಂದ್ರ ಶಾಸನಸಭೆಯ ಸದಸ್ಯರಾದರು, ಬಳಿಕ ಕೊಲ್ಹಾಪುರದ ದಿವಾನರಾದರು, 1937ರಲ್ಲಿ ಬಿ.ಜಿ. ಖೇರರ ಕಾಂಗ್ರೆಸ್ ಮಂತ್ರಿಮಂಡಲದಲ್ಲಿ ಇಡೀ ಪ್ರಾಂತದ ಹಣಕಾಸು ಮಂತ್ರಿಯಾದರು. ಸಮುದಾಯದ ಸಭೆಯಲ್ಲಿ ಪಳಗಿದ ನಾಯಕತ್ವವು ಸಮುದಾಯದಾಚೆಗೂ ಸಲ್ಲಬಲ್ಲದು ಎಂಬುದಕ್ಕೆ ಅವರ ಬದುಕು ಗಟ್ಟಿಯಾದ ಸಾಕ್ಷಿ.

ಕೊಲ್ಹಾಪುರ ಸಂಸ್ಥಾನವು 1949ರಲ್ಲಿ ಮುಂಬಯಿ ರಾಜ್ಯದಲ್ಲಿ ವಿಲೀನವಾಗುವ ಹೊತ್ತಿಗೆ ಸಂವಿಧಾನ ಸಭೆಯು ಧರ್ಮಾಧಾರಿತ ಪ್ರತ್ಯೇಕ ಮತಕ್ಷೇತ್ರಗಳನ್ನು ಕೈಬಿಟ್ಟಿತ್ತು. 1951ರ ಜನಪ್ರಾತಿನಿಧ್ಯ ಕಾಯ್ದೆಯು ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ಭ್ರಷ್ಟಾಚರಣೆ, ಅಂದರೆ ಗೆಲುವನ್ನೇ ರದ್ದುಪಡಿಸಬಲ್ಲ ಅಪರಾಧವೆಂದು ಹೇಳಿತು. ಈ ನಿಷೇಧವು ಅಭ್ಯರ್ಥಿಯ ಧರ್ಮಕ್ಕೆ ಮಾತ್ರವಲ್ಲ, ಮತದಾರರ ಧರ್ಮಕ್ಕೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು 2017ರ ಜನವರಿ 2ರಂದು ಬಹುಮತದಿಂದ ತೀರ್ಪಿತ್ತಿತು. ಆದರೆ ವೇದಿಕೆಯ ಮಾತನ್ನು ತಡೆಯುವ ಕಾನೂನು ಊರ ಕಟ್ಟೆಯ ಲೆಕ್ಕಾಚಾರವನ್ನು ತಡೆಯಲಾರದು.

ಆ ಲೆಕ್ಕಾಚಾರದ ಬಲವನ್ನೂ ಮಿತಿಯನ್ನೂ ಹಾತಕಣಂಗಲೆ ಲೋಕಸಭಾ ಕ್ಷೇತ್ರದ ಇತ್ತೀಚಿನ ಇತಿಹಾಸವು ತೋರಿಸುತ್ತದೆ. ಶಿರೋಳದ ರೈತ ನಾಯಕ ರಾಜು ಶೆಟ್ಟಿ ಜೈನ ಸಮುದಾಯದವರು. ಆದರೆ ಅವರು ಬೆಳೆದದ್ದು ಕಬ್ಬಿನ ದರದ ಹೋರಾಟದಿಂದ, ಕಬ್ಬು ನುರಿಸುವ ಹಂಗಾಮಿನ ಮುನ್ನ ಜಯಸಿಂಗಪುರದಲ್ಲಿ ನಡೆಯುವ ಊಸ್ ಪರಿಷತ್ತಿನಿಂದ, ಅಂದರೆ ಕಾರ್ಖಾನೆಗಳ ಮುಂದಿಡುವ ದರದ ಬೇಡಿಕೆಯನ್ನು ಘೋಷಿಸುವ ಕಬ್ಬು ಬೆಳೆಗಾರರ ಸಮಾವೇಶದಿಂದ. ಒಂದು ಓಟಿನೊಡನೆ ಒಂದು ನೋಟನ್ನೂ ಕೊಡಿರೆಂದು ರೈತರನ್ನು ಕೇಳಿ ಅವರು 2009ರಲ್ಲಿ ಗೆದ್ದಾಗ, ಮರಾಠ ಮತದಾರರೂ ಬಹುಸಂಖ್ಯೆಯಲ್ಲಿರುವ ಕ್ಷೇತ್ರದಲ್ಲಿ ಬೆಳೆಯ ಬೆಲೆಯು ಜಾತಿಯ ಗೆರೆಯನ್ನು ದಾಟಿತು. 2014ರಲ್ಲಿ ಅವರ ಮುಖ್ಯ ಎದುರಾಳಿ ಇಚಲಕರಂಜಿಯ ಕಲ್ಲಪ್ಪಣ್ಣ ಆವಾಡೆಯವರೂ ಜೈನರೇ ಆಗಿದ್ದುದರಿಂದ ಧರ್ಮವು ಇಬ್ಬರನ್ನು ಬೇರ್ಪಡಿಸುವ ಅಂಶವಾಗಲಿಲ್ಲ. 2019ರಲ್ಲಿ ಧೈರ್ಯಶೀಲ ಮಾನೆಯವರ ಎದುರು ಶೆಟ್ಟಿ ಸೋತಾಗ ಮರಾಠ–ಜೈನ ಎಂಬ ವಿಂಗಡಣೆಯ ಮಾತು ಮತ್ತೆ ಕೇಳಿಬಂತು. ಆದರೆ ಪಕ್ಷಗಳ ಹೊಸ ಮೈತ್ರಿ, ರಾಷ್ಟ್ರಮಟ್ಟದ ಅಲೆ ಮತ್ತು ಮೂರನೆಯ ಅಭ್ಯರ್ಥಿಗೆ ಹೋದ ಲಕ್ಷಕ್ಕೂ ಮೀರಿದ ಮತಗಳನ್ನು ಬಿಟ್ಟು ಆ ಸೋಲನ್ನು ವಿವರಿಸಲಾಗದು.

ಒಂದು ಶತಮಾನದ ಈ ಅನುಭವದಿಂದ ತಿಳಿಯುವ ಸಂಗತಿ ಸ್ಪಷ್ಟವಾಗಿದೆ. ಶಾಲೆ, ನೌಕರಿ, ಶಾಸನಸಭೆಗಳಿಂದ ಸಮುದಾಯಗಳೇ ಹೊರಗುಳಿದಿದ್ದ ಕಾಲದಲ್ಲಿ ಸಮುದಾಯದ ಹೆಸರಿನಲ್ಲಿ ಪಾಲು ಕೇಳಿದ್ದು ನ್ಯಾಯವಾಗಿತ್ತು, ಅದರ ಫಲವಾಗಿ ಈ ಸೀಮೆ ಸಮರ್ಥ ನಾಯಕರನ್ನು ಪಡೆಯಿತು. ಆದರೆ ಆ ನ್ಯಾಯದ ಗುರಿ ಎಲ್ಲರನ್ನೂ ಒಂದೇ ಪಂಕ್ತಿಗೆ ತರುವುದಾಗಿತ್ತೇ ಹೊರತು ಪಂಕ್ತಿಗಳನ್ನು ಬೇರೆ ಮಾಡುವುದಲ್ಲ. ಆದ್ದರಿಂದ ಹೊಲಕ್ಕೆ ನೀರು, ಕಬ್ಬಿಗೆ ದರ, ಮಗ್ಗಕ್ಕೆ ಕೆಲಸ ಎಂಬ ಸಮಾನ ಅಗತ್ಯಗಳ ಮೇಲೆ ಅಭ್ಯರ್ಥಿಯನ್ನು ಅಳೆಯುವ ಮತದಾರನೇ ಶಾಹೂ ಮತ್ತು ಲಠ್ಠೆಯವರು ಆರಂಭಿಸಿದ ಕೆಲಸವನ್ನು ಮುಂದುವರಿಸುತ್ತಾನೆ.