ಮನೆ, ಇಗರ್ಜಿ, ಶಾಲೆ: ಕುಂದಾಪುರ ಕರಾವಳಿಯ ಕಥೋಲಿಕ ಶಿಕ್ಷಣದ ಚರಿತ್ರೆಯಿಂದ ಒಂದು ಪಾಠ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಡುಪಿಯಿಂದ ಉತ್ತರಕ್ಕೆ ಹೊರಟರೆ ಸುವರ್ಣಾ ನದಿಯ ದಡದ ಕಲ್ಯಾಣಪುರ, ಅನಂತರ ಬ್ರಹ್ಮಾವರ, ಸೀತಾ ನದಿ ದಾಟಿದ ಮೇಲೆ ಸಾಸ್ತಾನ, ಸಾಲಿಗ್ರಾಮ, ಕೋಟ, ಕೊನೆಗೆ ಪಂಚಗಂಗಾವಳಿಯ ಮುಖದಲ್ಲಿರುವ ಕುಂದಾಪುರ ಕ್ರಮವಾಗಿ ಸಿಗುತ್ತವೆ. ಸಾಲಿಗ್ರಾಮವೆಂದರೆ ನಾಡಿಗೆ ಗುರುನರಸಿಂಹ ದೇವಸ್ಥಾನ ಮತ್ತು ಯಕ್ಷಗಾನ ಮೇಳದ ನೆನಪು. ಆದರೆ ಅದರ ಎರಡೂ ಬದಿಗಳಲ್ಲಿ ಕರಾವಳಿಯ ಅತಿ ಹಳೆಯ ಕಥೋಲಿಕ ಧರ್ಮಕೇಂದ್ರಗಳಿವೆ. ಇಲ್ಲಿನ ಕ್ರೈಸ್ತರು ತಮ್ಮದೇ ಊರಿನಲ್ಲಿ ಎಂದೂ ಅಲ್ಪಸಂಖ್ಯಾತರು. ದೇವಸ್ಥಾನದ ಗಂಟೆಯನ್ನೂ ಇಗರ್ಜಿಯ ಗಂಟೆಯನ್ನೂ ಕೇಳುತ್ತ ಬೆಳೆದವರು. ಇಂಥ ನೆರೆಹೊರೆಯಲ್ಲಿ ವಿಶ್ವಾಸವು ಒಂದು ತಲೆಮಾರಿನಿಂದ ಮತ್ತೊಂದಕ್ಕೆ ಹೇಗೆ ದಾಟಿತು? ಆ ದಾಟುವಿಕೆಯಲ್ಲಿ ಕಥೋಲಿಕ ಶಾಲೆಯ ಪಾಲೇನು? ಈ ಲೇಖನದ ವಿಚಾರ ಇಷ್ಟೇ. ನಾಳೆ ಧರ್ಮಕೇಂದ್ರದ ಗುರುವಾಗಿಯೂ ಶಾಲೆಯ ಸಂಚಾಲಕನಾಗಿಯೂ ಎರಡು ಕುರ್ಚಿಗಳಲ್ಲಿ ಕೂರಬೇಕಾದ ಗುರುಮಠದ ವಿದ್ಯಾರ್ಥಿಗೆ ಈ ಪ್ರಶ್ನೆ ಕೇವಲ ಚರಿತ್ರೆಯದಲ್ಲ.

1. ಶಾಲೆಗೆ ಮುಂಚಿನ ಕಲಿಕೆ

ಕುಂದಾಪುರದ ರೋಜರಿ ಮಾತೆಯ ಇಗರ್ಜಿಯ ಸ್ಥಾಪನೆಯನ್ನು 1570ಕ್ಕೆ ಹೇಳಲಾಗುತ್ತದೆ. ಅದು ಪೋರ್ಚುಗೀಸರು ಬಸ್ರೂರಿನ ಅಕ್ಕಿಗಾಗಿ ಈ ತೀರದಲ್ಲಿ ಕೋಟೆ ಕಟ್ಟಿಕೊಂಡ ಕಾಲ. ಹದಿನೇಳನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪನಾಯಕನು ಆ ಕೋಟೆಗಳನ್ನು ಕಿತ್ತುಕೊಂಡ ಮೇಲೆ ಇಲ್ಲಿನ ಕ್ರೈಸ್ತರು ದೀರ್ಘಕಾಲ ಗುರುಗಳ ಅಭಾವದಲ್ಲಿ ಬದುಕಿದರು. 1678ರ ಒಪ್ಪಂದದಿಂದ ಕೆಳದಿಯ ಸೀಮೆಯಲ್ಲಿ ಮತ್ತೆ ಇಗರ್ಜಿ ಕಟ್ಟಲು ಅವಕಾಶವಾಯಿತು. ಈ ಸಂಧಿಕಾಲದಲ್ಲಿ, 1681ರಲ್ಲಿ, ಗೋವೆಯ ಬಾಣಾವಲಿಯಲ್ಲಿ ಹುಟ್ಟಿದ ಮೂವತ್ತು ವರ್ಷದ ಯಾಜಕ ಜೋಸೆಫ್ ವಾಜ್ ಕೆನರಾಕ್ಕೆ ಬಂದರು.

ಸಂತ ಜೋಸೆಫ್ ವಾಜರನ್ನು ನಾವು ಸಿಲೋನಿನ ಪ್ರೇಷಿತರೆಂದು ಸ್ಮರಿಸುತ್ತೇವೆ. 2015ರ ಜನವರಿ 14ರಂದು ಕೊಲಂಬೊದಲ್ಲಿ ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ಆದರೆ ಅವರ ಪ್ರೇಷಿತ ಕಾರ್ಯದ ಮೊದಲ ಅಭ್ಯಾಸ ನಡೆದದ್ದು ನಮ್ಮ ಕರಾವಳಿಯಲ್ಲಿ. ಕುಂದಾಪುರದ ಇಗರ್ಜಿಯಲ್ಲಿ ಶಿಲುಬೆಯನ್ನು ಅಪ್ಪಿಕೊಂಡು ನೆಲದಿಂದ ಮೇಲೆದ್ದು ಧ್ಯಾನಮಗ್ನರಾಗಿದ್ದ ಅವರನ್ನು ಜನ ಕಂಡರೆಂಬ ಪರಂಪರೆ ಇಂದಿಗೂ ಜೀವಂತವಾಗಿದೆ. ಅದಕ್ಕಿಂತ ಕಡಿಮೆ ನೆನಪಿನಲ್ಲಿರುವ ಸಂಗತಿ ಬೇರೊಂದು: ಪಾದ್ರುವಾದೊ ಮತ್ತು ಪ್ರೊಪಗಾಂದಾ ಅಧಿಕಾರಗಳ ಜಗಳದಲ್ಲಿ ಒಡೆದಿದ್ದ ಜನರ ನಡುವೆ ಅವರು ನಡೆದುಕೊಂಡೇ ಊರೂರು ಸುತ್ತಿದರು, ಭ್ರಾತೃಸಂಘಗಳನ್ನು ಸ್ಥಾಪಿಸಿದರು, ಅಲ್ಲಲ್ಲಿ ಸಣ್ಣ ಪಾಠಶಾಲೆಗಳನ್ನು ತೆರೆದರು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಸಂಘ ಮತ್ತು ಪಾಠ ಜೊತೆಯಾಗಿ ಬಂದದ್ದನ್ನು ಗಮನಿಸಬೇಕು. ಗುರು ಇಲ್ಲದ ದಿನಗಳಲ್ಲಿಯೂ ಪ್ರಾರ್ಥನೆ ನಿಲ್ಲದಂತೆ ಜನರನ್ನು ಸಿದ್ಧಗೊಳಿಸುವುದು ಅವರ ಉದ್ದೇಶವಾಗಿತ್ತು. ಅಂಥ ದಿನಗಳು ಒಂದು ಶತಮಾನದ ಅನಂತರ ಅತ್ಯಂತ ಕ್ರೂರ ರೂಪದಲ್ಲಿ ಬಂದವು.

2. ಸೆರೆಯ ಹದಿನೈದು ವರ್ಷಗಳು

ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿಸಿದನು. ಪರಂಪರೆ ನೆನೆಯುವ ದಿನ 1784ರ ವಿಭೂತಿ ಬುಧವಾರ. ಗುರುಗಳನ್ನು ಹೊರದೂಡಲಾಯಿತು, ಇಗರ್ಜಿಗಳನ್ನು ನೆಲಸಮ ಮಾಡಲಾಯಿತು, ಜನರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಎಷ್ಟು ಮಂದಿ ಹೋದರು ಎಂಬ ಬಗ್ಗೆ ಚರಿತ್ರಕಾರರ ಲೆಕ್ಕಗಳು ಹೊಂದುವುದಿಲ್ಲ. ಬಹಳ ಮಂದಿ ಹಿಂದಿರುಗಲಿಲ್ಲ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಳಿದುಳಿದವರು ಕರಾವಳಿಗೆ ಇಳಿದು, ಹೊಲಗಳನ್ನು ಮತ್ತೆ ಉತ್ತು, ಇಗರ್ಜಿಗಳನ್ನು ಮತ್ತೆ ಕಟ್ಟಿದರು.

ಹದಿನೈದು ವರ್ಷವೆಂದರೆ ಒಂದು ಮಗು ಹುಟ್ಟಿ ಯೌವನಕ್ಕೆ ಬರುವಷ್ಟು ಕಾಲ. ಆ ಮಗುವಿಗೆ ಬಲಿಪೂಜೆಯಿಲ್ಲ, ಧರ್ಮೋಪದೇಶದ ತರಗತಿಯಿಲ್ಲ, ಶಾಲೆಯಿಲ್ಲ. ಹಾಗಿದ್ದೂ ಹಿಂದಿರುಗಿದವರು ಕ್ರೈಸ್ತರಾಗಿಯೇ ಹಿಂದಿರುಗಿದರು. ಇದಕ್ಕೆ ಒಂದೇ ವಿವರಣೆ ಸಾಧ್ಯ: ಉಳಿದಿದ್ದ ಏಕೈಕ ಸಂಸ್ಥೆ ಕುಟುಂಬ. ಸಂಜೆಯ ತೇರ್ಸ್, ಬಾಯಿಪಾಠದ ಪ್ರಾರ್ಥನೆಗಳು, ಕೊಂಕಣಿ ನುಡಿ, ಇವು ತಾಯಂದಿರ ಮತ್ತು ಅಜ್ಜಿಯರ ನಾಲಿಗೆಯ ಮೇಲೆ ಉಳಿದವು. ತಿಮೊಥೆಯನ ವಿಶ್ವಾಸವನ್ನು ಸ್ಮರಿಸುವಾಗ ಸಂತ ಪೌಲನು ಅವನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ಹೆಸರಿಸುತ್ತಾನೆ (2 ತಿಮೊ 1:5). ಕೆನರಾದ ಧರ್ಮಸಭೆಯಲ್ಲಿ ಹೆಸರು ದಾಖಲಾಗದ ಅಂಥ ಲೋವಿಯರು, ಯೂನಿಕೆಯರು ಅನೇಕರಿದ್ದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು ಕುಟುಂಬವನ್ನು ಗೃಹಧರ್ಮಸಭೆಯೆಂದು ಕರೆದದ್ದು (ಲುಮೆನ್ ಜೆನ್ಸಿಯುಮ್, 11) ನಮ್ಮ ಜನರಿಗೆ ಹೊಸ ತತ್ತ್ವವಾಗಿರಲಿಲ್ಲ. ಅವರು ಅದನ್ನು ಬದುಕಿ ಬಂದಿದ್ದರು.

3. ಬ್ರಹ್ಮಾವರದ ಒಡಕು

ಕುಟುಂಬದ ಬಲವನ್ನು ಹೇಳಿದ ಮೇಲೆ, ಆ ಕುಟುಂಬವನ್ನು ಧರ್ಮಸಭೆಯ ಆಡಳಿತವೇ ನೋಯಿಸಿದ ಅಧ್ಯಾಯವನ್ನೂ ಹೇಳಬೇಕು. 1886ರ ಜೂನ್ 23ರಂದು ರೋಮ್ ಮತ್ತು ಪೋರ್ಚುಗಲ್ ನಡುವೆ ಆದ ಒಪ್ಪಂದದ ಪರಿಣಾಮವಾಗಿ ಗೋವೆಯ ಪಾದ್ರುವಾದೊ ಅಧಿಕಾರಕ್ಕೆ ಸೇರಿದ್ದ ಇಲ್ಲಿನ ಧರ್ಮಕೇಂದ್ರಗಳು ಮಂಗಳೂರಿನ ಧರ್ಮಾಧ್ಯಕ್ಷರ ಕೆಳಗೆ ಬಂದವು. ತಲೆಮಾರುಗಳಿಂದ ಗೋವೆಯ ಗುರುಗಳನ್ನೇ ತಮ್ಮವರೆಂದು ತಿಳಿದಿದ್ದ ಜನರಿಗೆ ಇದು ದೂರದಲ್ಲಿ ಕುಳಿತು ಯಾರೋ ಬರೆದ ತೀರ್ಪಿನಂತೆ ಕಂಡಿತು. ಗೋವೆಯ ಯಾಜಕ ಆಂತೋನಿಯೊ ಫ್ರಾನ್ಸಿಸ್ಕೊ ಶವಿಯೆರ್ ಆಲ್ವಾರಿಸ್ 1889ರಲ್ಲಿ ಕೊಟ್ಟಾಯಂನಲ್ಲಿ ಸಿರಿಯನ್ ಆರ್ಥೊಡಾಕ್ಸ್ ಪರಂಪರೆಯಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಮೆತ್ರಾಪೊಲೀತರಾಗಿ ಅಭಿಷಿಕ್ತರಾದರು. ಬ್ರಹ್ಮಾವರದಲ್ಲಿ ಪಾದ್ರಿ ರೋಕ್ ಜೆಫ್ರಿನ್ ನೊರೊನ್ಹಾ ಅವರ ನೇತೃತ್ವದಲ್ಲಿ ಹಲವು ಕುಟುಂಬಗಳು ಅವರನ್ನು ಅನುಸರಿಸಿದವು. ಆ ಸಮುದಾಯ ಇಂದಿಗೂ ಬ್ರಹ್ಮಾವರದಲ್ಲಿದೆ. ಅದರ ಸೇಂಟ್ ಮೇರಿಸ್ ಸಿರಿಯನ್ ಇಗರ್ಜಿಯ ಹೆಸರಿನ ಎಸ್.ಎಂ.ಎಸ್. ವಿದ್ಯಾಸಂಸ್ಥೆಗಳು ಎಲ್ಲ ಧರ್ಮದ ಮಕ್ಕಳಿಗೆ ಪಾಠ ಹೇಳುತ್ತಿವೆ.

ವಿಶ್ವಾಸಸೂತ್ರದ ಯಾವ ಭೇದದಿಂದಲೂ ಈ ಒಡಕು ಆರಂಭವಾಗಲಿಲ್ಲ. ಒಂದೇ ಕುಲನಾಮ, ಒಂದೇ ಕೊಂಕಣಿ, ಒಂದೇ ಬಗೆಯ ಹಬ್ಬ ಇದ್ದವರು ಬೇರೆ ಬೇರೆ ಇಗರ್ಜಿಗಳಿಗೆ ಹೋಗತೊಡಗಿದರು. ಅಧಿಕಾರದ ಗಡಿಗಳನ್ನು ಬದಲಿಸುವಾಗ ಜನರ ನೆನಪನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹೆದ್ದಾರಿಯ ಬದಿಯಲ್ಲೇ ಇರುವ ಸಾಕ್ಷಿ ಇದು. 2012ರಲ್ಲಿ ಮಂಗಳೂರಿನಿಂದ ಬೇರ್ಪಟ್ಟು ಉಡುಪಿ ಧರ್ಮಪ್ರಾಂತ್ಯ ಸ್ಥಾಪನೆಯಾಗಿ, ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಪ್ರಧಾನಾಲಯವಾದಾಗ ಅಂಥ ನೋವು ಮರುಕಳಿಸಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

4. ಶಾಲೆಗಳ ಆಗಮನ

ಆಧುನಿಕ ಅರ್ಥದ ಶಾಲೆ ನಮ್ಮ ಕರಾವಳಿಗೆ ತಡವಾಗಿ ಬಂದಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಶಾಲೆ ಮತ್ತು ಮುದ್ರಣಾಲಯಗಳ ಮೂಲಕ ದಾರಿ ತೋರಿತು. 1854ರ ವುಡ್ ನಿರೂಪದ ಅನಂತರ ಮದ್ರಾಸ್ ಸರಕಾರ ಖಾಸಗಿ ಶಾಲೆಗಳಿಗೆ ಅನುದಾನ ನೀಡತೊಡಗಿತು. ಕಥೋಲಿಕರ ಕಡೆಯಿಂದ 1870ರ ನವೆಂಬರ್‌ನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಮಂಗಳೂರಿಗೆ ಬಂದರು; 1878ರ ಡಿಸೆಂಬರ್ 31ರಂದು ಯೇಸುಸಭೆಯ ಗುರುಗಳು ಬಂದಿಳಿದು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಇವೆಲ್ಲ ಪಟ್ಟಣದ ಸಂಸ್ಥೆಗಳು. ಹಳ್ಳಿಯ ಹೆಣ್ಣುಮಗುವಿನ ಕಡೆಗೆ ಕಣ್ಣು ಹೊರಳಿದ್ದು ಸ್ಥಳೀಯ ಸಭೆಗಳಿಂದ: 1887ರಲ್ಲಿ ಫಾದರ್ ಅರ್ಬನ್ ಸ್ಟೈನ್ ಆರಂಭಿಸಿದ ಉರ್ಸುಲಿನ್ ಫ್ರಾನ್ಸಿಸ್ಕನ್ ಸಭೆ, 1921ರ ಜುಲೈ 16ರಂದು ಮಂಗಳೂರಿನ ಬೆಂದೂರಿನಲ್ಲಿ ಮೊನ್ಸಿಞೊರ್ ರೇಮಂಡ್ ಮಸ್ಕರೇನ್ಹಸ್ ಸ್ಥಾಪಿಸಿದ ಬೆಥನಿ ಸಭೆ. ಊರಿನ ಗುರು ಸಂಚಾಲಕನಾಗಿ, ಭಗಿನಿಯರೂ ಗೃಹಸ್ಥ ಶಿಕ್ಷಕರೂ ಪಾಠ ಹೇಳುವ, ಇಗರ್ಜಿಯ ಅಂಗಳದ ಕನ್ನಡ ಪ್ರಾಥಮಿಕ ಶಾಲೆಯ ಮಾದರಿ ಹೀಗೆ ರೂಪುಗೊಂಡಿತು.

ಈ ಶಾಲೆ ಮನೆಯ ಕೆಲಸವನ್ನು ಕಸಿದುಕೊಳ್ಳಲಿಲ್ಲ, ಅದಕ್ಕೆ ಅಕ್ಷರ ಕೊಟ್ಟಿತು. ಮನೆಯಲ್ಲಿ ಕೊಂಕಣಿ, ಬಲಿಪೂಜೆಯಲ್ಲಿ ಲತೀನ್, ಶಾಲೆಯಲ್ಲಿ ಕನ್ನಡ, ಹೀಗೆ ಮೂರು ಭಾಷೆಗಳ ನಡುವೆ ನಮ್ಮ ಮಕ್ಕಳು ಬೆಳೆದರು. ಕೆನರಾದ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವ ರೂಢಿಯಿದ್ದುದರಿಂದ ಶಾಲೆಯಲ್ಲಿ ಕಲಿತ ಕನ್ನಡ ಅಕ್ಷರವೇ ಕೊಂಕಣಿ ಪ್ರಾರ್ಥನಾ ಪುಸ್ತಕದ ಬೀಗದ ಕೈಯಾಯಿತು. 1938ರಲ್ಲಿ ಆರಂಭವಾದ 'ರಾಕ್ಣೊ' ಪತ್ರಿಕೆ ಹಳ್ಳಿಯ ಮನೆಗಳಲ್ಲಿ ಓದುಗರನ್ನು ಕಂಡದ್ದು ಈ ಶಾಲೆಗಳ ಬಲದಿಂದ. ಅಕ್ಷರ ಬಾರದ ಅಜ್ಜಿಗೆ ಮೊಮ್ಮಗಳು ಪುಸ್ತಕ ನೋಡಿ ಪ್ರಾರ್ಥನೆ ಓದುವಳು. ಅವಳು ತಪ್ಪಿದಲ್ಲಿ, ಬಾಯಿಪಾಠವಾಗಿದ್ದ ಅಜ್ಜಿ ತಿದ್ದುವಳು. ಶಾಲೆ ಮತ್ತು ಮನೆ ಪರಸ್ಪರ ಗುರುಗಳಾಗಿದ್ದ ಆ ಸಂಜೆಗಳಲ್ಲಿ ಕಥೋಲಿಕ ಶಿಕ್ಷಣದ ನಿಜವಾದ ಅರ್ಥ ಕಾಣಸಿಗುತ್ತದೆ.

ಹಬ್ಬಗಳು ಈ ಬಂಧವನ್ನು ಗಟ್ಟಿಗೊಳಿಸಿದವು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ತಂದು ಬಾಲಮರಿಯಳಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆ ಪ್ರತಿ ಮನೆಗೂ ಹೋಗುತ್ತದೆ, ಮನೆಮಂದಿಯೆಲ್ಲ ಕೂಡಿ ಹೊಸ ಅಕ್ಕಿಯ ಊಟ ಮಾಡುತ್ತಾರೆ. ಹೂ ಕೊಯ್ಯುವ ಮಕ್ಕಳು ಶಾಲೆಯವರು, ತೆನೆ ಇಗರ್ಜಿಯದು, ಊಟ ಮನೆಯದು.

5. ಒಂದೇ ಬೆಂಚು

ಈ ಚಿತ್ರವನ್ನು ಕೇವಲ ಮಧುರವಾಗಿ ಬಿಡುವುದು ಸತ್ಯಕ್ಕೆ ದ್ರೋಹ. ಕೆನರಾದ ಕಥೋಲಿಕರು ದೀಕ್ಷಾಸ್ನಾನದ ಅನಂತರವೂ ಬಾಮಣ್, ಚಾರೊಡಿ, ಸುದಿರ್ ಮುಂತಾದ ಜಾತಿಭೇದಗಳನ್ನು ಉಳಿಸಿಕೊಂಡರು. ಮದುವೆಯ ಮಾತುಕತೆಯಲ್ಲಿ ಅದು ಇಂದಿಗೂ ಪೂರ್ತಿ ಅಳಿದಿಲ್ಲ. ಗೃಹಧರ್ಮಸಭೆಯು ವಿಶ್ವಾಸವನ್ನು ಕಾಪಾಡಿದಂತೆ ಈ ದೋಷವನ್ನೂ ಕಾಪಾಡಿತು. ಇಲ್ಲಿ ಶಾಲೆ ಮನೆಯನ್ನು ತಿದ್ದಬೇಕಾಗಿತ್ತು, ಸ್ವಲ್ಪಮಟ್ಟಿಗೆ ತಿದ್ದಿತು ಕೂಡ. ಗೇಣಿದಾರನ ಮಗನೂ ಧಣಿಯ ಮಗನೂ, ಕ್ರೈಸ್ತ, ಬ್ರಾಹ್ಮಣ, ಬಿಲ್ಲವ, ಮೊಗವೀರ, ಮುಸಲ್ಮಾನ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಮಗ್ಗಿ ಹೇಳಿದರು. ಉಪದೇಶದ ಪೀಠದಿಂದ ಹೇಳಲು ಕಷ್ಟವಾದುದನ್ನು ಬೆಂಚು ಮೌನವಾಗಿ ಹೇಳಿತು.

6. ಬದಲಾದ ಮನೆ, ಬದಲಾದ ಶಾಲೆ

ಸ್ವಾತಂತ್ರ್ಯದ ಅನಂತರ ಮೂರು ಕಡೆಯಿಂದ ಬದಲಾವಣೆ ಬಂದಿತು. ಮೊದಲನೆಯದು ಸಂವಿಧಾನ. 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆಗಳ ಹಕ್ಕನ್ನು ನೀಡಿತು. 28(3)ನೆಯ ವಿಧಿಯು ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವಿಗೂ ಧಾರ್ಮಿಕ ಬೋಧನೆ ಕಡ್ಡಾಯವಾಗದಂತೆ ನೋಡಿಕೊಂಡಿತು. ಇದು ನ್ಯಾಯವಾದ ನಿಯಮ. ನೆರೆಯವನ ಮಗುವಿನ ಅಂತಃಕರಣವನ್ನು ಗೌರವಿಸುವುದು ನಮ್ಮ ಧರ್ಮಸಭೆಯ ಬೋಧನೆಯೂ ಹೌದು.

ಎರಡನೆಯದು ಭೂಮಿ ಮತ್ತು ವಲಸೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಅನೇಕ ಗೇಣಿ ಕುಟುಂಬಗಳನ್ನು ಭೂಮಿಯ ಒಡೆಯರನ್ನಾಗಿ ಮಾಡಿತು. ಅದೇ ದಶಕದಲ್ಲಿ ಮುಂಬಯಿಯ ಹಳೆಯ ದಾರಿಯ ಜೊತೆಗೆ ಕೊಲ್ಲಿ ದೇಶಗಳ ದಾರಿ ತೆರೆಯಿತು. ತಂದೆ ವರ್ಷಕ್ಕೊಮ್ಮೆ ಬರುವವನಾದ, ಸಂಜೆಯ ತೇರ್ಸಿನಲ್ಲಿ ಅವನ ಜಾಗ ಖಾಲಿಯಾಯಿತು. ಮೂರನೆಯದು ಮಾಧ್ಯಮ. ದುಡಿಮೆಯ ಹಣ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸಿತು. ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲವೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳುವ ಮೊದಲೇ ನಮ್ಮ ಜನರು ಆ ತೀರ್ಪನ್ನು ಮನೆಯಲ್ಲಿ ಕೊಟ್ಟುಕೊಂಡಿದ್ದರು. ಕನ್ನಡ ಅಕ್ಷರ ಸರಾಗವಾಗಿ ಓದಲಾರದ ಮಗುವಿಗೆ ಕನ್ನಡ ಲಿಪಿಯ ಕೊಂಕಣಿ ಪುಸ್ತಕ ಮುಚ್ಚಿದ ಬಾಗಿಲು. ಅಜ್ಜಿಯ ಮತ್ತು ಮೊಮ್ಮಗಳ ನಡುವಿನ ಆ ಸಣ್ಣ ಶಾಲೆ ಹೀಗೆ ಸದ್ದಿಲ್ಲದೆ ಮುಚ್ಚಿತು.

7. ಉಪಸಂಹಾರ

ಈಗ ಪೋಷಕರು ವಿಶ್ವಾಸದ ಹೊಣೆಯನ್ನು ಶಾಲೆಗೆ ವಹಿಸುತ್ತಾರೆ. ಶಾಲೆ ಭಾನುವಾರದ ಧರ್ಮೋಪದೇಶದ ಕಡೆಗೆ ಕೈ ತೋರಿಸುತ್ತದೆ. ಧರ್ಮೋಪದೇಶಕರು ಮನೆಯನ್ನು ದೂರುತ್ತಾರೆ. ಶಾಲೆಯಲ್ಲಿ ಕಥೋಲಿಕ ಮಕ್ಕಳು ಕೆಲವರೇ ಆಗಿರುವಾಗ ಅದನ್ನು ನಡೆಸುವುದೇಕೆ ಎಂಬ ಪ್ರಶ್ನೆಯೂ ನಮ್ಮ ಗುರುಗಳ ನಡುವೆ ಕೇಳಿಬರುತ್ತದೆ. ಚರಿತ್ರೆ ಎರಡಕ್ಕೂ ಉತ್ತರ ಕೊಡುತ್ತದೆ. ಶಾಲೆಯ ಮೇಲಿನ ಹೊರೆಯನ್ನು ಅದು ಇಳಿಸುತ್ತದೆ: ಶಾಲೆಯಿಲ್ಲದೆ ನಮ್ಮ ವಿಶ್ವಾಸ ಹದಿನೈದು ವರ್ಷ ಸೆರೆಯಲ್ಲಿ ಬದುಕಿತ್ತು. 'ಗ್ರಾವಿಸ್ಸಿಮುಮ್ ಎದುಕಾಸಿಯೋನಿಸ್' (1965) ಪೋಷಕರನ್ನೇ ಮೊದಲ ಶಿಕ್ಷಕರೆಂದು ಗುರುತಿಸಿದಾಗ ಅದೇ ಸತ್ಯವನ್ನು ಹೇಳಿತು. ನೆರೆಯವರ ಮಕ್ಕಳೇ ಹೆಚ್ಚಿರುವ ಶಾಲೆಯ ಘನತೆಯನ್ನೂ ಅದು ಎತ್ತಿಹಿಡಿಯುತ್ತದೆ: ಮನೆ ತಿದ್ದಿಕೊಳ್ಳಲಾರದ ಭೇದವನ್ನು ತಿದ್ದಿದ್ದು ಆ ಬೆಂಚು.

ಆದುದರಿಂದ ಇಂಥ ಊರಿಗೆ ನಿಯುಕ್ತನಾಗುವ ಕಿರಿಯ ಗುರು ತನ್ನ ಸಂಚಾಲಕತ್ವದ ಕಡತಗಳಿಗೆ ಕೊಡುವಷ್ಟೇ ಸಮಯವನ್ನು ವಾರ್ಡಿನ ಮನೆಗಳಿಗೂ ಕೊಡಬೇಕು. ಸಂಜೆ ಏಳಕ್ಕೆ ಒಂದು ಮನೆಗೆ ಹೋಗಿ, ಅಜ್ಜಿ ಆರಂಭಿಸುವ ತೇರ್ಸಿಗೆ ಕುಳಿತು, ಮಗುವಿನ ಕೈಯಲ್ಲಿ ಪುಸ್ತಕವಿಟ್ಟು ಓದಲು ಹೇಳುವುದು ದೊಡ್ಡ ಯೋಜನೆಯಲ್ಲ. ಸಂತ ಜೋಸೆಫ್ ವಾಜರು ಕುಂದಾಪುರದ ದಾರಿಗಳಲ್ಲಿ ನಡೆದು ಹೋದದ್ದು ಹೆಚ್ಚೂಕಡಿಮೆ ಇಂಥದೇ ಕೆಲಸಕ್ಕೆ.