ಹೆಳವರ ಪುಸ್ತಕದಲ್ಲಿ ಇಲ್ಲದವರು

ನಮ್ಮ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಯಾರನ್ನಾದರೂ "ನಿಮ್ಮ ಮುತ್ತಜ್ಜನ ಅಪ್ಪನ ಹೆಸರು ಏನ್ರೀ?" ಅಂತ ಕೇಳಿ ನೋಡಿ. "ನಂಗೇನ್ ಗೊತ್ರೀ, ಹೆಳವರು ಬಂದಾಗ ಕೇಳ್ರಿ" ಅನ್ನುವ ಉತ್ತರ ಬರುವ ಸಾಧ್ಯತೆಯೇ ಹೆಚ್ಚು.

ಬೆಂಗಳೂರು, ಮೈಸೂರು ಕಡೆಯ ಓದುಗರಿಗಾಗಿ ಸ್ವಲ್ಪ ವಿವರಣೆ. ಹೆಳವರು ಅಂದರೆ ಮನೆತನಗಳ ವಂಶಾವಳಿ ಹೇಳುವ ಅಲೆಮಾರಿ ಸಮುದಾಯ. ಒಂದೊಂದು ಹೆಳವ ಕುಟುಂಬಕ್ಕೂ ಇಂಥಿಂಥ ಊರು, ಇಂಥಿಂಥ ಮನೆತನ ಅಂತ ತಲೆತಲಾಂತರದಿಂದ ಹಂಚಿಕೆ ಆಗಿರುತ್ತದೆ. ಕೆಲವು ವರ್ಷಕ್ಕೊಮ್ಮೆ ಬರುತ್ತಾರೆ. ಪುಸ್ತಕ ಬಿಚ್ಚಿ ಮೂಲಪುರುಷನಿಂದ ಹಿಡಿದು ಇವತ್ತಿನ ಕೂಸಿನವರೆಗೆ ಓದಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಳ್ಳುತ್ತಾರೆ. ಕಾಳು-ಕಡಿ, ರೊಕ್ಕ, ಕೊಡುಗೈ ಮನೆಯಾದರೆ ಒಂದು ಆಕಳೋ ಎಮ್ಮೆಯೋ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. 'ಹೆಳವ' ಅಂದರೆ ಕುಂಟ ಅಂತ ಅರ್ಥ. ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಪ್ರಕಟಿಸಿದ ಸಂಪುಟಗಳಲ್ಲಿ ಇವರ ವರ್ಣನೆ ಇದೆ. ಎತ್ತಿನ ಮೇಲೆ ಕೂತು, ಕಾಲು ಕಾಣದ ಹಾಗೆ ಕಂಬಳಿ ಹೊದ್ದು ಊರಿಗೆ ಬರುತ್ತಿದ್ದರಂತೆ. ಮನೆಮನೆಗೂ ಹೋಗಿ ಆ ಮನೆತನದ ಕಥೆ, ಯುದ್ಧದಲ್ಲಿ ಸತ್ತ ವೀರರ ಹೆಸರು ಹೇಳುತ್ತಿದ್ದರಂತೆ.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಡೇಟಾಬೇಸ್. ಆದರೆ ಇಲ್ಲಿ ಸರ್ವರ್ರೇ ನಡೆದುಕೊಂಡು ಮನೆ ಬಾಗಿಲಿಗೆ ಬರುತ್ತದೆ :)

ಇಂಥ ಪದ್ಧತಿ ನಮ್ಮಲ್ಲಷ್ಟೇ ಅಲ್ಲ. ಹರಿದ್ವಾರದ ಪಂಡಾಗಳು ಯಾತ್ರೆಗೆ ಬಂದ ಕುಟುಂಬಗಳ ಲೆಕ್ಕವನ್ನು 'ವಹಿ'ಗಳಲ್ಲಿ ಬರೆದಿಡುತ್ತಾರೆ. ಅಮೆರಿಕದ ಯೂಟಾ ರಾಜ್ಯದ ಜೀನಿಯಾಲಾಜಿಕಲ್ ಸೊಸೈಟಿಯವರು ಅವುಗಳಲ್ಲಿ ಎಷ್ಟನ್ನೋ ಮೈಕ್ರೋಫಿಲ್ಮ್ ಮಾಡಿಕೊಂಡು ಹೋಗಿದ್ದಾರೆ. ಪಶ್ಚಿಮ ಆಫ್ರಿಕಾದಲ್ಲಿ ಗ್ರಿಯೋ ಅನ್ನುವವರಿದ್ದಾರೆ. ಅವರೂ ಹೆಳವರ ಹಾಗೆಯೇ, ಪುಸ್ತಕವಿಲ್ಲದೆ ಬಾಯಲ್ಲೇ ವಂಶಾವಳಿ ಹೇಳುತ್ತಾರೆ. ಅಮೆರಿಕದ ಕರಿಯ ಲೇಖಕ ಅಲೆಕ್ಸ್ ಹೇಲಿ 1976ರಲ್ಲಿ ಬರೆದ 'ರೂಟ್ಸ್' ಪುಸ್ತಕ ನಿಂತಿರುವುದೇ ಗ್ಯಾಂಬಿಯಾದ ಒಂದು ಹಳ್ಳಿಯಲ್ಲಿ ಅಂಥವನೊಬ್ಬ ಹೇಳಿದ ಕಥೆಯ ಮೇಲೆ. ಆ ಕಥೆಯನ್ನು ಎಷ್ಟು ನಂಬಬಹುದು ಅಂತ ಇತಿಹಾಸಕಾರರು ಆಮೇಲೆ ತಕರಾರು ತೆಗೆದರು, ಅದು ಬೇರೆ ಮಾತು. ಆದರೆ ಗುಲಾಮಗಿರಿಯಲ್ಲಿ ಬೇರು ಕಳೆದುಕೊಂಡ ಲಕ್ಷಾಂತರ ಜನರಿಗೆ 'ಹುಡುಕಿದರೆ ಸಿಗಬಹುದು' ಅನ್ನುವ ಆಸೆ ಹುಟ್ಟಿಸಿದ್ದು ಆ ಪುಸ್ತಕ.

ಈಗ ಹೆಳವರ ಪುಸ್ತಕಕ್ಕೇ ಬರೋಣ. ನವಲಗುಂದ ತಾಲೂಕಿನ ನಮ್ಮೂರಿನಲ್ಲಿ ನಮ್ಮ ಮನೆತನದ ಏಳು ತಲೆಮಾರಿನ ಹೆಸರುಗಳನ್ನು ಹೆಳವರಿಂದಲೇ ಬರೆದುಕೊಂಡು ಎಕ್ಸೆಲ್ ಶೀಟಿಗೆ ಹಾಕಿದ್ದೇನೆ. ಹಾಕುವಾಗ ಕಣ್ಣಿಗೆ ಬಿದ್ದದ್ದು, ಅದರಲ್ಲಿ ಹೆಣ್ಣುಮಕ್ಕಳ ಹೆಸರು ತೀರಾ ಕಡಿಮೆ. ನಮ್ಮ ಅಕ್ಕ ನ್ಯೂಜೆರ್ಸಿಯಲ್ಲಿದ್ದಾಳೆ, ಅವಳ ಮಗನ ಹೆಸರೂ ಬರೆದುಕೊಳ್ಳಿ ಅಂದದ್ದಕ್ಕೆ ಆ ಹಿರಿಯರು ನಕ್ಕು, "ಅಂವ ಅವರಪ್ಪನ ಮನಿ ಪುಸ್ತಕದಾಗ ಬರತಾನ ತಮ್ಮಾ, ಅದು ಬ್ಯಾರೆ ಹೆಳವರ ಕಡೆ ಐತಿ" ಅಂದರು. ಅವರ ಲೆಕ್ಕ ಪಕ್ಕಾ ಇತ್ತು. ಅಮೆರಿಕ ಅವರಿಗೆ ದೂರವಲ್ಲ, ಅಕ್ಕ ಇನ್ನೊಂದು ಮನೆತನಕ್ಕೆ ಹೋದದ್ದೇ ದೂರ.

ತಾಯಿಯ ಕಡೆಯ ಲೆಕ್ಕ ಹೀಗೆ ಜಾರಿಹೋಗುವುದು ಹೊಸದಲ್ಲ. ಅದಕ್ಕೆ ನಮ್ಮ ಅಣ್ಣಿಗೇರಿಯದೇ ಒಂದು ಉದಾಹರಣೆ ಇದೆ. ಆದಿಕವಿ ಪಂಪ ತನ್ನ 'ವಿಕ್ರಮಾರ್ಜುನ ವಿಜಯ'ದಲ್ಲಿ ತಂದೆಯ ಕಡೆಯ ಹಿರಿಯರ ಹೆಸರು ಹೇಳುತ್ತಾನೆ. ಅವನ ತಾಯಿ ಅಬ್ಬಣಬ್ಬೆ ಅಂತ, ಆಕೆ ಬೆಳ್ವೊಲ ನಾಡಿನ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅಂತ ತಿಳಿದದ್ದು ಎಲ್ಲಿಂದ? ಇಲ್ಲಿಂದ ನೂರಾರು ಮೈಲಿ ಆಚೆ, ತೆಲಂಗಾಣದ ಕರೀಂನಗರದ ಹತ್ತಿರ ಕುರ್ಕ್ಯಾಲ ಅನ್ನುವಲ್ಲಿ ಒಂದು ಗುಡ್ಡದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಹತ್ತನೇ ಶತಮಾನದ ಶಾಸನದಿಂದ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಯಲ್ಲಿರುವ ಆ ಶಾಸನ ಇಲ್ಲದಿದ್ದರೆ ಪಂಪನಿಗೂ ಅಣ್ಣಿಗೇರಿಗೂ ಇರುವ ನಂಟನ್ನು ಇಷ್ಟು ಗಟ್ಟಿಯಾಗಿ ಹೇಳಲು ಆಗುತ್ತಿರಲಿಲ್ಲ. ಅಂದರೆ ವಂಶದ ನೆನಪು ಉಳಿಯಬೇಕಾದರೆ ಯಾರಾದರೂ ಬರೆಸಬೇಕು. ಬರೆಸುವವನಿಗೆ ಬಂಡೆ ಕೊರೆಸುವ ತಾಕತ್ತಿರಬೇಕು, ಇಲ್ಲವೇ ಹೆಳವರಿಗೆ ಕೊಡಲು ಸುಗ್ಗಿಯ ಕಾಳಿರಬೇಕು.

ಹಾಗಾದರೆ ಎರಡೂ ಇಲ್ಲದವರ ಕಥೆ ಏನು?

ಇದೇ ಜಿಲ್ಲೆಯ ಇನ್ನೊಂದು ತುದಿಗೆ ಹೋಗೋಣ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಎಲ್ಲ ಎರೆ ಹೊಲದ ಬಯಲು ಸೀಮೆ. ಕಲಘಟಗಿ ಮಲೆನಾಡಿನ ಸೆರಗು. ನಮ್ಮ ಕಡೆಯವರಿಗೆ ಕಲಘಟಗಿ ಅಂದರೆ ನೆನಪಾಗುವುದು ಅಲ್ಲಿಯ ಬಣ್ಣದ ತೊಟ್ಟಿಲು. ಆದರೆ ಅದೇ ತಾಲೂಕಿನ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನ ಇದ್ದಾರೆ. ಅಲ್ಲಿಂದ ಮುಂದೆ ಹಳಿಯಾಳ, ಮುಂಡಗೋಡ, ಯಲ್ಲಾಪುರ, ಅಂಕೋಲಾ, ಬೆಳಗಾವಿಯ ಖಾನಾಪುರದವರೆಗೆ ಹರಡಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕನ್ನಡ ಮಾತಾಡುತ್ತಾರೆ, ಕೊಂಕಣಿ ಬೆರೆತ ತಮ್ಮದೇ ಮಾತೂ ಇದೆ. ಅವರ ಹಿರಿಯರು ಬಂದದ್ದು ಆಫ್ರಿಕಾದಿಂದ.

ದಖ್ಖನಿಗೆ ಆಫ್ರಿಕಾದವರು ಬಂದದ್ದು ಒಂದೇ ದಾರಿಯಿಂದಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹ್ಮದ್‌ನಗರದ ನಿಜಾಮಶಾಹಿಯ ಸೂತ್ರ ಹಿಡಿದ ಮಲಿಕ್ ಅಂಬರ್ (ಸತ್ತದ್ದು 1626ರಲ್ಲಿ) ಎಲ್ಲರಿಗೂ ಗೊತ್ತು. ವಿಜಾಪುರದ ಆದಿಲ್‌ಶಾಹಿಯಲ್ಲೂ ಇಖ್ಲಾಸ್ ಖಾನನಂಥ ಹಬ್ಶಿ ಸರದಾರರಿದ್ದರು. ಅವರಿಗೆ ಚರಿತ್ರೆಯಲ್ಲಿ ಹೆಸರಿದೆ, ಚಿತ್ರವಿದೆ, ಗೋರಿಯಿದೆ. ಆದರೆ ನಮ್ಮ ಕಾಡಂಚಿನ ಸಿದ್ದಿಗಳಲ್ಲಿ ಹೆಚ್ಚಿನವರ ಹಿರಿಯರು ಬಂದದ್ದು ಗೋವಾದ ಮೂಲಕ. ಪೋರ್ಚುಗೀಸರ ಮೊಜಾಂಬಿಕ್ 1752ರವರೆಗೆ ಗೋವಾದ ವೈಸರಾಯ್ ಆಡಳಿತದಲ್ಲೇ ಇತ್ತು. ಆಚೆಯಿಂದ ದಂತ, ಚಿನ್ನ, ಜೊತೆಗೆ ಮನುಷ್ಯರು. ಮನೆಗೆಲಸಕ್ಕೆ, ಕಾವಲಿಗೆ, ಹೊರೆ ಹೊರುವುದಕ್ಕೆ ಅವರನ್ನು ತಂದರು. ತಪ್ಪಿಸಿಕೊಂಡವರು, ಬಿಡುಗಡೆ ಆದವರು ಘಟ್ಟ ಹತ್ತಿ ಕಾಡು ಸೇರಿದರು. ಧಾರವಾಡ ಸೀಮೆ 1818ರಲ್ಲಿ ಬ್ರಿಟಿಷರ ಕೈಗೆ ಬಂದಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಹೋದದ್ದು 1843ರಲ್ಲಿ. ಪೋರ್ಚುಗೀಸರು ತಮ್ಮ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿದ್ದು 1869ರಲ್ಲಿ. ಅಷ್ಟೂ ವರ್ಷ ಗಡಿಯ ಈಚೆ ಬಂದವನಿಗೆ ಸಿಗುತ್ತಿದ್ದ ಕಾನೂನೇ ಬೇರೆ.

ಗೋವಾದಲ್ಲಿ ಗುಲಾಮರಿಗೆ ದೀಕ್ಷಾಸ್ನಾನ ಮಾಡಿಸಿ ಹೊಸ ಹೆಸರು ಇಡುತ್ತಿದ್ದರು. ಇವತ್ತಿಗೂ ಕ್ರೈಸ್ತ ಸಿದ್ದಿಗಳಲ್ಲಿ ಕೇಳಿಬರುವ 'ಜೂಜೆ' ಅನ್ನುವುದು ಪೋರ್ಚುಗೀಸಿನ ಜೊಸೆ, 'ಮಿಂಗೇಲ್' ಅನ್ನುವುದು ಮಿಗೆಲ್. ನಮಗೆ ಅಜ್ಜನ ಹೆಸರನ್ನು ಮೊಮ್ಮಗನಿಗಿಟ್ಟರೆ ವಂಶ ಮುಂದುವರಿದಂತೆ. ಅವರಿಗೆ ಹೆಸರು ಇಟ್ಟ ಕ್ಷಣವೇ ಹಿಂದಿನ ವಂಶ ಅಳಿಸಿಹೋದಂತೆ! ಹಡಗು ಹತ್ತಿದವನ ತಾಯಿ ಅವನನ್ನು ಏನಂತ ಕರೆಯುತ್ತಿದ್ದಳು ಅನ್ನುವುದು ಯಾವ ಹೆಳವರ ಪುಸ್ತಕದಲ್ಲೂ ಸಿಗಲಾರದು.

ಪುಸ್ತಕ ಇಲ್ಲದ ಕಡೆ ರಕ್ತವೇ ಪುಸ್ತಕ. ಹೈದರಾಬಾದಿನ ಸಿಸಿಎಂಬಿಯ ಕುಮಾರಸಾಮಿ ತಂಗರಾಜ್ ಮತ್ತು ಅವರ ಸಂಗಡಿಗರು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಡಿಎನ್‌ಎ ಅಧ್ಯಯನ ಮಾಡಿ 2011ರಲ್ಲಿ 'ಅಮೆರಿಕನ್ ಜರ್ನಲ್ ಆಫ್ ಹ್ಯೂಮನ್ ಜೆನೆಟಿಕ್ಸ್'ನಲ್ಲಿ ಪ್ರಕಟಿಸಿದರು. ಅವರು ಕಂಡುಕೊಂಡದ್ದು: ಸಿದ್ದಿಗಳ ಮೂಲ ಸಹಾರಾದ ಕೆಳಗಿನ ಆಫ್ರಿಕಾದ ಬಾಂಟು ಭಾಷಿಕರಲ್ಲಿದೆ. ಜೊತೆಗೆ ಭಾರತೀಯ ಅಂಶವಿದೆ, ಪೋರ್ಚುಗೀಸರ ಅಂಶವೂ ಸ್ವಲ್ಪ ಇರಬಹುದು. ಇಲ್ಲಿಯ ಜನರ ಜೊತೆ ಬೆರಕೆ ಆದದ್ದು ಹೆಚ್ಚುಕಡಿಮೆ ಎಂಟು ತಲೆಮಾರಿನೊಳಗೆ, ಅಂದರೆ ಸುಮಾರು 200 ವರ್ಷದ ಹಿಂದೆ.

ರಕ್ತ ನೋಡಿ ತಲೆಮಾರು ಎಣಿಸುವುದು ಹೇಗೆ ಅಂತ ನನಗೂ ಕುತೂಹಲ ಇತ್ತು. ಕೌದಿಯ ಲೆಕ್ಕದಲ್ಲಿ ಹೇಳುತ್ತೇನೆ. ಎರಡು ಬಣ್ಣದ ಎರಡು ಇಡೀ ಸೀರೆ ಇದೆ ಅಂದುಕೊಳ್ಳಿ. ಮೊದಲ ಮಗುವಿಗೆ ಎರಡೂ ಇಡಿಯಾಗಿ ಬರುತ್ತವೆ. ಆ ಮಗು ದೊಡ್ಡದಾಗಿ ತನ್ನ ಮಗುವಿಗೆ ಕೊಡುವಾಗ ಎರಡನ್ನೂ ಕತ್ತರಿಸಿ, ಜೋಡಿಸಿ, ಒಂದು ಸೀರೆಯಷ್ಟು ಮಾಡಿ ಕೊಡುತ್ತದೆ. ಮುಂದಿನ ತಲೆಮಾರಿನಲ್ಲಿ ಮತ್ತೆ ಕತ್ತರಿ. ಹೀಗೆ ಹೋದಂತೆ ಒಂದೇ ಬಣ್ಣದ ತುಂಡುಗಳು ಸಣ್ಣದಾಗುತ್ತ ಬರುತ್ತವೆ. ತುಂಡಿನ ಸರಾಸರಿ ಉದ್ದ ಅಳೆದರೆ ಎಷ್ಟು ಸಲ ಕತ್ತರಿ ಬಿದ್ದಿದೆ ಅಂತ ಅಂದಾಜು ಸಿಗುತ್ತದೆ. ಇದಲ್ಲದೆ ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ, ಥೇಟ್ ಹೆಳವರ ಪುಸ್ತಕದ ಹಾಗೆ. ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಬರುತ್ತದೆ, ಹೆಳವರ ಪುಸ್ತಕ ಬಿಟ್ಟದ್ದನ್ನು ಅದು ಹಿಡಿದಿಡುತ್ತದೆ.

ಆದರೆ ಒಂದು ವ್ಯತ್ಯಾಸ ನೋಡಿ. ನಮ್ಮ ಹೆಳವರು ನನಗೆ ಏಳು ತಲೆಮಾರಿನ ಹೆಸರು ಕೊಟ್ಟರು. ವಿಜ್ಞಾನ ಸಿದ್ದಿಗಳಿಗೆ ಎಂಟು ತಲೆಮಾರಿನ ಲೆಕ್ಕ ಕೊಟ್ಟಿತು, ಒಂದೇ ಒಂದು ಹೆಸರು ಕೊಡಲಿಲ್ಲ.

ಹೆಸರಿಲ್ಲದಿದ್ದರೂ ಖಂಡಾಂತರದ ನಂಟು ಹುಡುಕಿಕೊಂಡು ಜನ ಬರುತ್ತಿದ್ದಾರೆ. ಘಾನಾ ಮೂಲದ ವಿದ್ವಾಂಸ ಪ್ಯಾಶಿಂಗ್ಟನ್ ಒಬೆಂಗ್ ಕರ್ನಾಟಕದ ಸಿದ್ದಿಗಳ ನಡುವೆ ಓಡಾಡಿ 2007ರಲ್ಲಿ ಪುಸ್ತಕ ಬರೆದರು. ಏಷ್ಯಾದಲ್ಲಿರುವ ಆಫ್ರಿಕಾ ಮೂಲದವರ ಬಗ್ಗೆಯೇ 2006ರಲ್ಲಿ ಗೋವಾದಲ್ಲಿ ಒಂದು ಅಂತರರಾಷ್ಟ್ರೀಯ ಸಮ್ಮೇಳನ ಆಯಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಸಿದ್ದಿ ಹೆಂಗಸರ ಕೌದಿಗಳನ್ನು ಅಧ್ಯಯನ ಮಾಡಿದರು, ಆ ಕೌದಿಗಳು ಅಮೆರಿಕದ ಮ್ಯೂಸಿಯಂಗಳಲ್ಲಿ ಪ್ರದರ್ಶನಗೊಂಡವು. ಕೌದಿಯ ಮೂಲೆಗಳಲ್ಲಿ 'ಫೂಲ' ಅಂತ ತ್ರಿಕೋನದ ಚಿಂದಿ ಇಡದಿದ್ದರೆ ಅದು ಪೂರ್ತಿ ಆಗಲಿಲ್ಲ ಅನ್ನುತ್ತಾರೆ ಅವರು. ಹಾಗಂತ ಅಮೆರಿಕದ ಕರಿಯರ ಕೌದಿಗೂ ಇದಕ್ಕೂ ಹೋಲಿಕೆ ಕಂಡ ಕೂಡಲೇ ಇದೆಲ್ಲ ಒಂದೇ ಮನೆತನ ಅಂತ ಹೇಳಲಾಗದು. ಕೌದಿ ನಮ್ಮ ಅಜ್ಜಿಯೂ ಹೊಲಿಯುತ್ತಿದ್ದಳು. ಅಟ್ಲಾಂಟಿಕ್ ದಾಟಿದವರಲ್ಲಿ ಬಹುಪಾಲು ಪಶ್ಚಿಮ ಮತ್ತು ಮಧ್ಯ ಪಶ್ಚಿಮ ಆಫ್ರಿಕಾದವರು, ಇಲ್ಲಿಗೆ ಬಂದವರು ಪೂರ್ವ ಕರಾವಳಿಯಿಂದ ಹಡಗು ಹತ್ತಿದವರು. ನಂಟು ಇದೆ, ಆದರೆ ಅದು ಅಣ್ಣತಮ್ಮಂದಿರ ನಂಟಲ್ಲ, ಒಂದೇ ಸಂಕಟ ಉಂಡವರ ನಂಟು.

ಇದೆಲ್ಲ ಬರೀ ಕುತೂಹಲದ ವಿಷಯ ಅನ್ನಿಸಿದರೆ ಇದನ್ನೂ ಕೇಳಿ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡಲು ಶುರುಮಾಡಿತು. ಆಫ್ರಿಕಾದ ಮೂಲದವರು, ಪದಕ ತರುತ್ತಾರೆ ಅನ್ನುವ ಲೆಕ್ಕ. ಕಮಲಾ ಮಿಂಗೇಲ್ ಸಿದ್ದಿಯಂಥ ಒಳ್ಳೆಯ ಅಥ್ಲೀಟುಗಳು ಬಂದರು. ಆದರೆ 1990ರ ದಶಕದಲ್ಲಿ ಯೋಜನೆ ನಿಂತುಹೋಯಿತು. ಪದಕಕ್ಕೆ ಬೇಕಾದಾಗ ನೆನಪಾದ ಮೂಲ ಸರ್ಟಿಫಿಕೇಟಿಗೆ ಬೇಕಾದಾಗ ನೆನಪಾಗಲು ತಡವಾಯಿತು. 2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು, ಆದರೆ ಉತ್ತರ ಕನ್ನಡ ಜಿಲ್ಲೆಯವರು ಮಾತ್ರ! ಕಾಡು ಒಂದೇ, ಜನ ಒಂದೇ, ಕೊಟ್ಟು-ತಂದು ಮಾಡುವ ಸಂಬಂಧವೂ ಒಂದೇ. ಆದರೂ ಯಲ್ಲಾಪುರದ ಸಿದ್ದಿ ಬುಡಕಟ್ಟಿನವನು, ಗಡಿ ದಾಟಿ ಕಲಘಟಗಿಗೆ ಬಂದರೆ ಅಲ್ಲಿಯ ಸಿದ್ದಿ ಆ ಪಟ್ಟಿಯಲ್ಲಿಲ್ಲ. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳನ್ನೂ ಸೇರಿಸಿದ ತಿದ್ದುಪಡಿ ಬಂದದ್ದು 2020ರಲ್ಲಿ. ನಡುವಿನ ಹದಿನೇಳು ವರ್ಷದಲ್ಲಿ ಈ ಕಡೆ ಓದಿದ ಮಕ್ಕಳಿಗೆ ಸೀಟು, ಸ್ಕಾಲರ್‌ಶಿಪ್, ನೌಕರಿ ಅಂತ ಏನೇನು ತಪ್ಪಿತೋ ಅದನ್ನು ಯಾರೂ ತಿರುಗಿ ಕೊಡಲಾರರು. ಅದೇ 2020ರಲ್ಲಿ ಉತ್ತರ ಕನ್ನಡದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದಿಂದ ಶಾಸನಸಭೆಗೆ ಬಂದ ಮೊದಲಿಗರು.

ಹಾಗಾಗಿ ವಂಶಾವಳಿ ಅನ್ನುವುದು ಹೊಟ್ಟೆ ತುಂಬಿದವರ ಹವ್ಯಾಸ ಅಂತ ನನಗೆ ಅನ್ನಿಸುವುದಿಲ್ಲ. ನಮಗೆ ಏಳು ತಲೆಮಾರಿನ ಹೆಸರು ಸಿಕ್ಕಿದ್ದು ನಮ್ಮ ಹಿರಿಯರ ಜಾಣತನಕ್ಕಲ್ಲ. ಅವರಿಗೆ ಹೊಲವಿತ್ತು, ಹೊಲದಲ್ಲಿ ಬೆಳೆ ಬಂತು, ಹೆಳವರಿಗೆ ಕೊಡಲು ಕಾಳಿತ್ತು, ಅಷ್ಟೇ. ಕಾಳಿಲ್ಲದವರಿಗೆ ವಂಶ ಇರಲಿಲ್ಲ ಅಂತಲ್ಲ, ಬರೆದವರು ಇರಲಿಲ್ಲ.

ನೀವು ಮಾಡಬಹುದಾದದ್ದು ಇಷ್ಟು. ನಿಮ್ಮ ಊರಿಗೆ ಹೆಳವರು ಬರುವುದಿದ್ದರೆ ಈ ಸಲ ಕೂಡ್ರಿಸಿ, ಪೂರ್ತಿ ಓದಿಸಿ, ಬರೆದುಕೊಳ್ಳಿ. ಅವರ ಮಕ್ಕಳು ಬೇರೆ ಕೆಲಸ ಹಿಡಿಯುತ್ತಿದ್ದಾರೆ, ಹಿಡಿಯಲೂಬೇಕು. ಆ ಪುಸ್ತಕಕ್ಕೆ ಬ್ಯಾಕಪ್ ಇಲ್ಲ. ಹಾಗೆಯೇ ಅವ್ವನ ಹತ್ತಿರ ಕೂತು ಅವಳ ಅವ್ವ, ಅವಳ ಅವ್ವ, ಯಾವ ಊರಿನವರು ಅಂತ ಕೇಳಿ ಬರೆದಿಡಿ. ಅದು ಹೆಳವರ ಹತ್ತಿರ ಸಿಗುವುದು ಕಷ್ಟ. ಇನ್ನು ಕಲಘಟಗಿ, ಹಳಿಯಾಳದ ಬಸ್ಸಿನಲ್ಲಿ ಪಕ್ಕದಲ್ಲಿ ಸಿದ್ದಿ ಹುಡುಗನೊಬ್ಬ ಕೂತರೆ ದಯವಿಟ್ಟು "ಯಾವ ದೇಶ?" ಅಂತ ಕೇಳಬೇಡಿ. ಯಾವ ಊರು ಅಂತ ಕೇಳಿ. ಅವನ ಮನೆತನ ಈ ಕಾಡಿನಲ್ಲಿ ಎಂಟು ತಲೆಮಾರು ಕಳೆದಿರಬಹುದು, ನನ್ನ ಎಕ್ಸೆಲ್ ಶೀಟಿಗಿಂತ ಒಂದು ಹೆಚ್ಚು.