ಬಸವನಗುಡಿಯ ಬೀದಿಗಳು

1898ರಲ್ಲಿ ಬೆಂಗಳೂರು ಪೇಟೆಯ ಮೇಲೆರಗಿದ ಪ್ಲೇಗು ಮಹಾಮಾರಿಯು, ಗಾಳಿ ಬೆಳಕುಗಳಿಗೆ ಎಡೆಯಿಲ್ಲದೆ ಒತ್ತೊತ್ತಾಗಿ ನಿಂತ ಮನೆಗಳ ಅಪಾಯವನ್ನು ಪ್ರಜೆಗಳಿಗೂ ಸರ್ಕಾರಕ್ಕೂ ಮನಗಾಣಿಸಿದುದರ ಫಲವಾಗಿ, ವಾಯವ್ಯದಲ್ಲಿ ಮಲ್ಲೇಶ್ವರವೂ ದಕ್ಷಿಣದಲ್ಲಿ ಬಸವನಗುಡಿಯೂ ವಿಶಾಲವಾದ ಬಡಾವಣೆಗಳಾಗಿ ಬೆಳೆದುವು. ಮೃತ್ಯುಭಯವು ಬೆಳೆಸಿದ ಬಡಾವಣೆಯೊಂದು ತನ್ನ ನಿವಾಸಿಗಳಿಗೆ ಇಷ್ಟು ಪ್ರೀತಿಪಾತ್ರವಾದುದು ಹೇಗೆಂಬುದು ವಿಚಾರಾರ್ಹವಾದ ಸಂಗತಿ.

ಇಲ್ಲಿಯ ನೆಲಕ್ಕೆ ಬಡಾವಣೆಗಿಂತ ಹಿಂದಿನ ಬಾಳೊಂದಿತ್ತು. ಸುಂಕೇನಹಳ್ಳಿಯೆಂಬ ಗ್ರಾಮ, ಅದರ ಸುತ್ತಿನ ಕಡಲೆಕಾಯಿ ಹೊಲಗಳು, ದಿಣ್ಣೆಯ ಮೇಲೆ ಕೆಂಪೇಗೌಡರ ಕಾಲದ್ದೆಂದು ಪ್ರಸಿದ್ಧವಾದ ಗುಡಿ, ಅದರೊಳಗೆ ಏಕಶಿಲೆಯಲ್ಲಿ ಕಡೆದ ಸುಮಾರು 15 ಅಡಿ ಎತ್ತರದ ದೊಡ್ಡ ಬಸವಣ್ಣ. ನಕ್ಷೆಯ ಮೇಲೆ ಗೀಟೆಳೆದು ನೇರವಾದ ರಸ್ತೆಗಳನ್ನು ಹಾಯಿಸಿದವರು ಗುಡಿಯ ಪಕ್ಕದ ಬ್ಯೂಗಲ್ ರಾಕ್ ಬಂಡೆಯನ್ನು ಸಿಡಿಸಿ ಸಮತಟ್ಟು ಮಾಡಲಿಲ್ಲ. ಹೊಸ ಬಡಾವಣೆಗೆ ಗುಡಿಯ ಹೆಸರನ್ನೇ ಇಟ್ಟರು. ಪುರಾತನವನ್ನು ಗೌರವಿಸಿದ ಈ ವಿವೇಕವೇ ಬಸವನಗುಡಿಯ ಚೆಲುವಿಗೆ ಮೊದಲ ಕಾರಣವೆಂದು ನಾನು ಎಣಿಸುತ್ತೇನೆ.

ಎರಡನೆಯ ಕಾರಣ ಮನೆಗೂ ಬೀದಿಗೂ ಇರುವ ನಂಟು. ಹಳೆಯ ಮನೆಗಳ ಕಾಂಪೌಂಡು ಗೋಡೆ ಎದೆಯೆತ್ತರವನ್ನು ಮೀರದು. ಅದರಾಚೆ ಒಂದು ಪಾರಿಜಾತ, ಒಂದು ತೆಂಗು, ಕೆಮ್ಮಣ್ಣು ಬಳಿದ ಜಗುಲಿ. ಜಗುಲಿಯಲ್ಲಿ ಪತ್ರಿಕೆ ಓದುತ್ತಿರುವ ವೃದ್ಧರು ಬೀದಿಯಲ್ಲಿ ಹೋಗುವವರ ಯೋಗಕ್ಷೇಮವನ್ನು ಎದ್ದು ಬಾರದೆಯೇ ವಿಚಾರಿಸಬಹುದು. ಆದರೆ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳೂ ಇದ್ದುವು. ಒಳಚರಂಡಿಯಿಲ್ಲದ ಅಂದಿನ ದಿನಗಳಲ್ಲಿ ಆ ಗಲ್ಲಿಗಳಲ್ಲಿ ನಡೆದು ಮಲ ಹೊತ್ತವರನ್ನು ಮರೆತು ಮುಂಬೀದಿಯ ಸೊಬಗನ್ನು ಮಾತ್ರ ಹೊಗಳುವುದು ನ್ಯಾಯವಲ್ಲ. ಪ್ಲೇಗಿಗೆ ಅಂಜಿ ಬಂದವರ ಆರೋಗ್ಯವು ನಿಂತಿದ್ದುದು ಆ ಮಲ ಹೊತ್ತವರ ದುಡಿಮೆಯ ಮೇಲೆ.

ನಿತ್ಯಜೀವನಕ್ಕೆ ಬೇಕಾದುದೆಲ್ಲವೂ ಕಾಲ್ನಡಿಗೆಯ ಅಳತೆಯೊಳಗೆ ದೊರೆಯುವುದೂ ಸಣ್ಣ ಭಾಗ್ಯವಲ್ಲ. ಗಾಂಧಿಬಜಾರಿನಲ್ಲಿ ಹೂವಾಡಗಿತ್ತಿಯು ಬೆರಳ ತುದಿಯಿಂದ ಮೊಣಕೈಯವರೆಗೆ ಮಲ್ಲಿಗೆಯನ್ನು ಮೊಳ ಹಾಕಿ, ಕೊನೆಯಲ್ಲಿ ನಾಲ್ಕು ಬೆರಳು ಹೆಚ್ಚಾಗಿಯೇ ಬಿಟ್ಟು ಕತ್ತರಿಸುತ್ತಾಳೆ. ಅಲ್ಲಿಯೇ 1943ರಲ್ಲಿ ಪ್ರಾರಂಭವಾದ ವಿದ್ಯಾರ್ಥಿ ಭವನದಲ್ಲಿ ದೋಸೆಗಾಗಿ ಜನ ಸರದಿ ಕಾಯುತ್ತಾರೆ. ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ, 1945ರಲ್ಲಿ ಡಿ.ವಿ. ಗುಂಡಪ್ಪನವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ ಅದೇ ವರ್ಷ ವಾಡಿಯಾ ದಂಪತಿಗಳು ಆರಂಭಿಸಿದ ವಿಶ್ವ ಸಂಸ್ಕೃತಿ ಸಂಸ್ಥೆಯೂ ಉಪನ್ಯಾಸಗಳಿಗೆ ಬಾಗಿಲು ತೆರೆದಿವೆ. ತರಕಾರಿ ಚೀಲವನ್ನು ಕುರ್ಚಿಯ ಪಕ್ಕದಲ್ಲಿಟ್ಟು ಉಪನ್ಯಾಸ ಕೇಳಬಲ್ಲ ಸೌಕರ್ಯವನ್ನು ಯಾವ ಭವ್ಯ ಸೌಧವೂ ಕೊಡಲಾರದು.

ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿ ಪರಿಷೆ. ಬೆಳೆಯನ್ನು ಮೇಯುತ್ತಿದ್ದ ಬಸವನನ್ನು ಶಾಂತಗೊಳಿಸಲು ರೈತರು ಮೊದಲ ಫಸಲನ್ನು ಅರ್ಪಿಸಿದರೆಂಬುದು ಸ್ಥಳಪ್ರತೀತಿ. ಆ ಹೊಲಗಳು ಎಂದೋ ನಿವೇಶನಗಳಾದುವು. ಆದರೂ ದೂರದೂರದ ರೈತರು ಮೂಟೆಗಳೊಡನೆ ಬಂದು ರಸ್ತೆಯ ಇಕ್ಕೆಲಗಳಲ್ಲಿ ರಾಶಿ ಹಾಕಿ ಸೇರಿನಿಂದ ಅಳೆದು ಮಾರುತ್ತಾರೆ. ಹಸಿಯದು ಬೇರೆ, ಹುರಿದುದು ಬೇರೆ. ಕೊಳ್ಳುವವರು ಒಂದೆರಡನ್ನು ಸುಲಿದು ಬಾಯಿಗೆ ಹಾಕಿಕೊಳ್ಳದೆ ಬೆಲೆ ಕೇಳುವುದಿಲ್ಲ. ಜಗುಲಿಗಳನ್ನು ಕೆಡವಿ ಎಬ್ಬಿಸಿದ ಬಹುಮಹಡಿ ಕಟ್ಟಡಗಳವರೂ ಅಂದು ಕೈಚೀಲ ಹಿಡಿದು ಕೆಳಗಿಳಿದು ಬರುತ್ತಾರೆ.